ಇಳಿಜಾರಿನ ತುದಿಯಲ್ಲಿ

ಸಂಡೂರಿನ ಗುಡ್ಡದ ಗಣಿಯೊಂದರಲ್ಲಿ ಉಚ್ಚೆಂಗಮ್ಮ ಅದಿರಿನ ಟಿಪ್ಪರ್ ಓಡಿಸುತ್ತಿದ್ದಳು. ಹೋದ ವಾರ ತುಂಬಿದ ಗಾಡಿ ಇಳಿಜಾರಿನಲ್ಲಿ ಬರುವಾಗ ಬ್ರೇಕ್ ಹಿಡಿಯಲಿಲ್ಲ. ಒಂದು ಕಡೆ ಪ್ರಪಾತ. ಇನ್ನೊಂದು ಕಡೆಯ ಮಣ್ಣಿನ ದಿಬ್ಬಕ್ಕೆ ಗಾಡಿಯನ್ನು ಗುದ್ದಿಸಿ ಅವಳು ಹೇಗೋ ಬದುಕಿಕೊಂಡಳು. ಅಂದಿನಿಂದ ಗಂಡ ಗಾಳೆಪ್ಪ ಹೆಂಡತಿಯ ಗುಂಡಿಗೆಯ ಕಥೆಯನ್ನು ಊರಿಗೆಲ್ಲ ಹೇಳುತ್ತಿದ್ದ. ಅವಳು ನಗುತ್ತ ಕೇಳಿಸಿಕೊಳ್ಳುತ್ತಿದ್ದಳು.

ಇಂದು ಗಾಡಿ ರಿಪೇರಿಯಾಗಿ ಬಂದಿತ್ತು. ಬಯಲಿನಲ್ಲಿ ಓಡಿಸಿ, ಬ್ರೇಕ್ ಸರಿಯಿದೆಯೆಂದು ಅವಳೇ ನೋಡಿದ್ದಳು. ಆದರೂ ಅದಿರು ತುಂಬಿಕೊಂಡು ಇಳಿಜಾರಿನ ತುದಿಗೆ ಬಂದಾಗ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಕೆಳಗಿನ ಕೆಂಪು ದಾರಿ ತನ್ನನ್ನು ಎಳೆದುಕೊಳ್ಳುತ್ತಿದೆ ಅನ್ನಿಸಿ ಗಾಡಿ ನಿಲ್ಲಿಸಿಬಿಟ್ಟಳು.

ಮೇಸ್ತ್ರಿ ಹೊನ್ನೂರುಸ್ವಾಮಿ ಹತ್ತಿರ ಬಂದ. “ಯಾಕಕ್ಕಾ, ನಿಂತ್ಬಿಟ್ಟಿ? ನಿನ್ನಂಥಾಕಿಗೂ ಅಂಜಿಕಿ ಆತೇನು?”

“ಒಂದ್ ಗಳಿಗಿ ನಿಂದ್ರಪ್ಪಾ,” ಎಂದಷ್ಟೇ ಹೇಳಿ ಅವಳು ಗಾಜು ಏರಿಸಿದಳು.

ಯಾರಿಗೂ ಕೇಳದ ಆ ಕ್ಯಾಬಿನ್ನಿನಲ್ಲಿ ಮೊದಲ ಸಲ ತನಗೆ ತಾನೇ ಹೇಳಿಕೊಂಡಳು: “ನನಗ ಭಾಳ ಅಂಜಿಕಿ ಆಗೇತಿ. ಅವತ್ತು ಸತ್ತೇ ಹೋಗ್ತೀನಿ ಅನ್ಕೊಂಡಿದ್ದೆ.” ಕಣ್ಣೀರು ಇಳಿಯಿತು. ಒರೆಸಿಕೊಳ್ಳಲು ಅವಸರಪಡಲಿಲ್ಲ.

ಹೆದರಿಕೆ ಹೋಗಲಿಲ್ಲ, ಅದನ್ನು ಮುಚ್ಚಿಡುವ ಕೆಲಸ ಮಾತ್ರ ತಪ್ಪಿತು. ಗಾಡಿಯನ್ನು ಮೊದಲ ಗೇರಿಗೆ ಹಾಕಿ, ಹೆದರುತ್ತಲೇ ಬ್ರೇಕ್ ಒತ್ತುತ್ತ ಆಮೆಯಂತೆ ಇಳಿದಳು.

ಕೆಳಗೆ ಗಾಡಿ ತೂಗುವ ವೇಬ್ರಿಡ್ಜ್ ಬಳಿ ಯಾರೋ ಕೇಳಿದರು: “ಯಾಕ ಇಷ್ಟ್ ತಡ ಆತು?”

“ಬಂದೆನಲ್ಲ,” ಎಂದಳು.