ಅಜ್ಜಿ ಕಾಲದ ಕ್ವೆರಿ

‘ಸರಿಯಿದೆ’ ಎಂಬ ಗುಂಡಿಯ ಮೇಲೆ ಮೌಸ್ ನಿಲ್ಲಿಸಿ ಅವಳು ಇನ್ನೊಮ್ಮೆ ಮೊದಲಿಂದ ಓದಿದಳು. ಪರದೆಯ ಮೇಲೆ ತಂಡದ ಮುಖ್ಯಸ್ಥ ಬರೆದು ಕಳಿಸಿದ ಹೊಸ ಕೋಡ್ ಇತ್ತು. ಆಸ್ಪತ್ರೆಯ ವೆಬ್‌ಸೈಟಿಗಾಗಿ ಎಲ್ಲ ಡಾಕ್ಟರುಗಳ ಬಿಡುವಿನ ವೇಳೆಯನ್ನೂ ಒಂದೇ ಸಲಕ್ಕೆ ಡೇಟಾಬೇಸಿನಿಂದ ಕೇಳಿ ತರುತ್ತಿದ್ದ ಅವಳ ಕ್ವೆರಿಯನ್ನು ಅವನು ಕಿತ್ತುಹಾಕಿದ್ದ. ಇನ್ನು ಪುಟ ತೆರೆದಾಗಲೆಲ್ಲ ಒಬ್ಬೊಬ್ಬ ಡಾಕ್ಟರಿಗೂ ಒಂದೊಂದು ಸಲ ಕೇಳಬೇಕು. ಪರೀಕ್ಷೆಗೆಂದು ಅವನ ಲ್ಯಾಪ್‌ಟಾಪಿನಲ್ಲಿದ್ದ ಡಾಕ್ಟರುಗಳು ಬೆರಳೆಣಿಕೆಯಷ್ಟು. ಅಲ್ಲಿ ಪುಟ ಥಟ್ಟನೆ ತೆರೆಯುತ್ತಿತ್ತು. ಆಸ್ಪತ್ರೆಯಲ್ಲಿ ನೂರಾರು ಡಾಕ್ಟರುಗಳು; ಅಲ್ಲಿ ಪುಟ ತೆವಳುವುದು ಖಂಡಿತ.

ಅವನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಹೀಗೆ ಒಂದೊಂದಾಗಿ ಕೇಳಬಾರದೆಂದು ಹೇಳಿಕೊಟ್ಟವಳು ಅವಳೇ. “ಉಪ್ಪಿಗೊಂದ್ಸಲ, ಸಕ್ಕರೆಗೊಂದ್ಸಲ ಅಂತ ಅಂಗಡಿಗೆ ಓಡ್ತೀಯೇನೋ? ಚೀಲ ತಗೊಂಡು ಹೋಗಿ ಒಟ್ಟಿಗೆ ತರಲ್ವಾ?” ಎಂದಿದ್ದಳು. ಆಗ ತಲೆ ಕೆರೆದುಕೊಂಡು ನಕ್ಕಿದ್ದವನು ಕಳೆದ ವಾರ ಮೀಟಿಂಗಿನಲ್ಲಿ, “ಅಕ್ಕನ ಕ್ವೆರಿ ಅಜ್ಜಿ ಕಾಲದ್ದು. ಮುಟ್ಟಿದ್ರೆ ಎಲ್ಲಿ ಬಿದ್ಹೋಗುತ್ತೋ ಅಂತ ಭಯ,” ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಮೀಟಿಂಗ್ ಮುಗಿಯುವಷ್ಟರಲ್ಲಿ ಅವಳು ಕಟ್ಟಿದ ಪುಟ ಅವನದಾಗಿತ್ತು. ಅವಳಿಗೆ ಉಳಿದದ್ದು ಅದನ್ನು ನೋಡಿ ಸರಿಯೋ ತಪ್ಪೋ ಹೇಳುವ ಕೆಲಸ. ಆ ನಗು ಇನ್ನೂ ದವಡೆಯಲ್ಲಿ ನೋಯುತ್ತಿತ್ತು.

ಗುಂಡಿ ಒತ್ತಿದಳು; ಹೊಸ ಕೋಡ್ ಆಸ್ಪತ್ರೆಯ ವೆಬ್‌ಸೈಟಿಗೆ ಹೋಯಿತು. ಪುಟಗಟ್ಟಲೆ ಟಿಪ್ಪಣಿ ಬರೆಯುವವಳು ಈ ಸಲ ಒಂದಕ್ಷರವನ್ನೂ ಬರೆಯಲಿಲ್ಲ. ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದಳು.

ಮರುದಿನ ಆಫೀಸಿಗೆ ಬರುವಾಗಲೇ ಅವಳ ಮೇಜಿನ ಫೋನ್ ಹೊಡೆದುಕೊಳ್ಳುತ್ತಿತ್ತು. ಆಸ್ಪತ್ರೆಯ ಕೌಂಟರಿನ ಹುಡುಗಿ.

“ಮೇಡಂ, ಪುಟ ಸುತ್ತುತ್ತಾನೇ ಇದೆ, ತೆರೀತಿಲ್ಲ. ಕ್ಯೂ ಬಾಗಿಲಾಚೆ ಹೋಗಿದೆ. ಎಲ್ರೂ ನನ್ನನ್ನೇ ಬೈತಿದಾರೆ. ಫೋನ್ ಇಟ್ಬಿಡಬೇಡಿ ಮೇಡಂ.”

ನಿನ್ನೆ ಗುಂಡಿ ಒತ್ತುವಾಗ ಇಂಥ ಹುಡುಗಿಯೊಬ್ಬಳು ಇದ್ದಾಳೆಂಬುದು ಅವಳಿಗೆ ಹೊಳೆದೇ ಇರಲಿಲ್ಲ. “ಲೈನಲ್ಲೇ ಇರಮ್ಮ,” ಎಂದು ರಿಸೀವರನ್ನು ಮೇಜಿನ ಮೇಲಿಟ್ಟಳು. ಹಳೆಯ ಕ್ವೆರಿಯನ್ನು ಹುಡುಕಿ ತೆಗೆದಳು. ಇನ್ನೊಂದು ಗುಂಡಿ ಒತ್ತಿದರೆ ಅದು ತನ್ನ ಜಾಗಕ್ಕೆ ಮರಳುತ್ತಿತ್ತು.

ಅಷ್ಟರಲ್ಲಿ ಅವನು ಓಡಿಬಂದ. “ಅಕ್ಕಾ, ಏನಾಯ್ತು ಇದು? ನೀವೇ ನೋಡಿ ಸರಿಯಿದೆ ಅಂದ್ರಲ್ಲ!”

“ಕಣ್ಣು ಮಂಜಾಗಿದೆಯಪ್ಪ. ಅಜ್ಜಿ ಅಲ್ವಾ?”

ಅವನ ಮುಖ ಇಳಿದುಹೋಯಿತು. “ತಮಾಷೆಗೆ ಅಂದಿದ್ದು ಅಕ್ಕಾ. ತಪ್ಪಾಯ್ತು.”

“ನನ್ನ ಕಿವೀಲಿ ಯಾಕೆ ಹೇಳ್ತೀಯ? ಅವತ್ತು ನಕ್ಕೋರೆಲ್ಲ ಅಲ್ಲೇ ಕೂತಿದಾರೆ. ಎದ್ದು ನಿಂತು ಹೇಳು. ಯಾರ ಕ್ವೆರಿ ಸರಿಯಿತ್ತು ಅನ್ನೋದನ್ನೂ ಹೇಳು.”

“ಮೊದ್ಲು ಸರಿಮಾಡಿ ಅಕ್ಕಾ, ಆಮೇಲೆ...”

“ಮೊದ್ಲು ಹೇಳು.”

ಅವನು ಆಫೀಸಿನ ನಡುವೆ ಹೋಗಿ ನಿಂತ. ಗಂಟಲು ಸರಿಮಾಡಿಕೊಂಡ. ಒಬ್ಬೊಬ್ಬರಾಗಿ ತಲೆಯೆತ್ತಿದರು. ಅವನು ತಡವರಿಸುತ್ತ ಮಾತು ಶುರುಮಾಡಿದ. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಒಂದು ಪದವೂ ತಪ್ಪಿಹೋಗದಂತೆ ಕೇಳಿಸಿಕೊಳ್ಳುತ್ತಿದ್ದಳು. ಮೇಜಿನ ಮೇಲೆ ಮಲಗಿದ್ದ ರಿಸೀವರಿನೊಳಗೆ ಯಾರದೋ ಮಗು ಅಳುತ್ತಿತ್ತು.