ಮುಳ್ಳು ತೋರಿಸದ ಸದ್ದು

ಗ್ಯಾರೇಜುಗಳ ಸಾಲಿನಲ್ಲಿ ಕೊನೆಯ ಶೆಡ್ಡು ಅವನದು. ಎಲ್ಲರೂ ಅವನನ್ನು ಕಿವಿಯಣ್ಣ ಎನ್ನುತ್ತಿದ್ದರು. ಕಾರು ಗೇಟಿನೊಳಗೆ ತಿರುಗುವಾಗಲೇ ಸದ್ದು ಕೇಳಿ, "ಒಂದು ಸಿಲಿಂಡರ್ ಮಲಗಿಬಿಟ್ಟಿದೆ, ಎಬ್ಬಿಸೋಣ ಬನ್ನಿ" ಎನ್ನುತ್ತಿದ್ದ. ಬಾನೆಟ್ ಎತ್ತಿ ನೋಡಿದರೆ ಹಾಗೇ ಇರುತ್ತಿತ್ತು.

ಐವತ್ತು ದಾಟಿದ ಮೇಲೆ ಆ ಕಿವಿಯೇ ಕೈಕೊಟ್ಟಿತು. ಮೊದಲು ಸಣ್ಣ ಸದ್ದುಗಳು ಹೋದವು, ಆಮೇಲೆ ಹೆಂಗಸರ ದನಿ. ಅವನು ಯಾರಿಗೂ ಬಾಯಿ ಬಿಡಲಿಲ್ಲ. ಒತ್ತಡ ಅಳೆಯುವ ಒಳ್ಳೆಯ ಗೇಜುಗಳನ್ನು ಕೊಂಡುತಂದ. ಇಂಜಿನ್ನಿಗೆ ವ್ಯಾಕ್ಯೂಮ್ ಗೇಜು ಸಿಕ್ಕಿಸಿದಾಗ ಮುಳ್ಳು ಅಲುಗದೆ ನಿಂತರೆ ಕ್ಷೇಮ, ಒಂದೇ ಲಯದಲ್ಲಿ ನಡುಗಿದರೆ ವಾಲ್ವ್ ಸೋರುತ್ತಿದೆ ಎಂದರ್ಥ. ಎ.ಸಿ.ಗೆ ನೀಲಿ, ಕೆಂಪು ಗೇಜುಗಳ ಜೋಡಿ. ಎರಡೂ ಕೆಳಗಿಳಿದಿದ್ದರೆ ಗ್ಯಾಸ್ ಹೋಗಿದೆ. ನೀಲಿ ಏರಿ ಕೆಂಪು ಇಳಿದಿದ್ದರೆ ಕಂಪ್ರೆಸರ್ ದಣಿದಿದೆ. ಇದಕ್ಕೆಲ್ಲ ಕಣ್ಣಿದ್ದರೆ ಸಾಕಿತ್ತು. ಗಿರಾಕಿಗಳು, ಕಿವಿಯಣ್ಣ ಕಾಲಕ್ಕೆ ತಕ್ಕಂತೆ ಬದಲಾದ ಎಂದುಕೊಂಡರು.

ಪಕ್ಕದ ಶೆಡ್ಡಿನವರ ಜೊತೆ ಚಹಾಕ್ಕೆ ಹೋಗುವುದನ್ನು ಬಿಟ್ಟ. ಅವರ ಜೋಕಿಗೆ ಎಲ್ಲರೂ ನಕ್ಕಾದ ಮೇಲೆ ತಾನೊಬ್ಬನೇ ನಗುವುದು ಸಾಕಾಗಿತ್ತು. ಮನೆಯಲ್ಲಿ ಇದ್ದವಳು ಮದುವೆಯಾಗದ ಅಕ್ಕ ಒಬ್ಬಳೇ. ಬರುಬರುತ್ತಾ ಮನೆ ನೀರಿನಡಿ ಮುಳುಗಿದ ಹಾಗೆ ನಿಶ್ಶಬ್ದವಾಯಿತು. ಎಲ್ಲಾ ತನ್ನ ಕಿವಿಯ ಮಹಿಮೆ ಎಂದುಕೊಂಡು ಅವನು ಬೇಗ ಉಂಡು ಮಲಗುತ್ತಿದ್ದ.

ಒಂದು ದಿನ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಒಬ್ಬರು ಕಾರು ತಂದರು. ಎ.ಸಿ. ತಣ್ಣಗಾಗುತ್ತಿರಲಿಲ್ಲ. ಗೇಜು ಹಾಕಿದ, ಎರಡೂ ಮುಳ್ಳು ತಳ ಕಂಡಿದ್ದವು. ಪೈಪಿನ ಒಂದು ಜಾಯಿಂಟಿನಲ್ಲಿ ಎಣ್ಣೆಯ ಜಿಡ್ಡು ಕಂಡಿತು. ರಬ್ಬರ್ ರಿಂಗ್ ಬದಲಿಸಿ, ಪೈಪನ್ನೆಲ್ಲ ಖಾಲಿ ಮಾಡಿ, ಗ್ಯಾಸ್ ತುಂಬಿದ. ಮುಳ್ಳುಗಳು ನಿಲ್ಲಬೇಕಾದಲ್ಲಿ ನಿಂತವು. ಇಂಜಿನ್ ಓಡುತ್ತಿರುವಾಗಲೇ ನರ್ಸ್ ಕಿಟಕಿಯಿಂದ ಬಗ್ಗಿ ಏನೋ ಹೇಳಿದರು. ಅವನು ಎಂದಿನಂತೆ ತಲೆಯಾಡಿಸಿ, ಹೆಬ್ಬೆರಳು ಎತ್ತಿದ. ಅವರು ಹೊರಟರು.

ಎರಡು ದಿನ ಬಿಟ್ಟು ಅದೇ ಕಾರನ್ನು ಇನ್ನೊಂದು ಗಾಡಿ ಎಳೆದು ತಂದಿತು. ಕಂಪ್ರೆಸರ್ ಪುಲ್ಲಿಯ ಬೇರಿಂಗ್ ತಿರುಗದೆ ಹಿಡಿದುಕೊಂಡು, ಬೆಲ್ಟ್ ಸುಟ್ಟು ಹರಿದಿತ್ತು. ಇಂಜಿನ್ನನ್ನು ತಂಪಾಗಿಡುವ ನೀರು ತಿರುಗಿಸುವುದೂ ಅದೇ ಬೆಲ್ಟ್. ಇಂಜಿನ್ ಕುದ್ದು ನಡುಬಿಸಿಲಲ್ಲಿ ನಿಂತಿತ್ತು. ಗಾಯಕ್ಕೆ ಪಟ್ಟಿ ಬದಲಿಸಬೇಕಿದ್ದ ಮುದುಕರೊಬ್ಬರು ಮಧ್ಯಾಹ್ನದವರೆಗೆ ಬಾಗಿಲು ನೋಡುತ್ತಾ ಕೂತಿದ್ದರು.

ನರ್ಸ್ ಅವನೆದುರಿಗೇ, ತುಟಿ ನೋಡಿ ಮಾತು ತಿಳಿಯುವಷ್ಟು ಹತ್ತಿರ ಬಂದು ನಿಂತರು. "ನಾನು ಹೇಳಿದ್ದೆ ತಾನೆ? ಕಲ್ಲು ಅರೆದಂಗೆ ಕರಕರ ಅಂತಿದೆ ಅಂತ. ನೀವು ತಲೆ ಆಡಿಸಿ ಹೋಗಿ ಅಂದ್ರಿ!"

"ಗೇಜಲ್ಲಿ ಎಲ್ಲಾ ಸರಿಯಾಗೇ ಇತ್ತು ಮೇಡಂ," ಎಂದ. ಅದು ಸುಳ್ಳಲ್ಲ. ಗೇಜು ಒತ್ತಡವನ್ನು ತೋರಿಸುತ್ತದೆ, ಬೇರಿಂಗಿನ ನರಳಾಟವನ್ನಲ್ಲ.

"ಗೇಜ್ ಬಿಡಿ. ಅಷ್ಟು ದೊಡ್ಡ ಸದ್ದು ನಿಮಗೆ ಕೇಳಿಸ್ಲಿಲ್ವಾ?"

ಅವನು ಕೈಯ ಗ್ರೀಸನ್ನು ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಇಲ್ಲ. ಕೇಳಿಸಲ್ಲ ನನಗೆ. ಸುಮಾರು ದಿನ ಆಯ್ತು."

ನರ್ಸ್ ಅವರ ಕೋಪ ಅರ್ಧಕ್ಕೇ ನಿಂತಿತು. ಮರುಗಳಿಗೆಯಿಂದ ಅವರು ತುಟಿ ಅಗಲಿಸಿ, ಮಗುವಿಗೆ ಹೇಳುವಂತೆ ಬಿಡಿಬಿಡಿಯಾಗಿ ಮಾತಾಡತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಮನೇಲಿ ಗೊತ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಮೊದ್ಲು ಅಲ್ಲಿ ಹೇಳಿ. ಕಾರು ಆಮೇಲೆ ನೋಡೋಣ."

ಸಂಜೆ ಅಕ್ಕ ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು. ಅವನು ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ಹೇಳಿದ. ಅವಳ ಕೈಯಲ್ಲಿ ಟವೆಲ್ ಹಾಗೇ ಉಳಿಯಿತು.

"ಅಂದ್ರೆ ನೀನು ನನ್ನ ಮೇಲೆ ಮುನಿಸ್ಕೊಂಡಿರ್ಲಿಲ್ವಾ?"

"ಮುನಿಸು ಯಾಕೆ?"

"ಅಮ್ಮನ ಹೊಲಿಗೆ ಮಿಷನ್ ಕೊಟ್ಬಿಟ್ಟೆನಲ್ಲ, ಅದಕ್ಕೇ ಅಂದ್ಕೊಂಡೆ. ಎಷ್ಟು ಸಲ ಕರೆದೆನೋ! ಗೋಡೆ ಜೊತೆ ಮಾತಾಡಿದಂಗೆ ಇರ್ತಿತ್ತು. ಕೊನೆಗೆ ನಾನೂ ಮಾತು ಬಿಟ್ಟೆ."

ಅವನು ತಿರುಗಿ ಮೂಲೆ ನೋಡಿದ. ಮಿಷನ್ ಇರಲಿಲ್ಲ. ಹೋಗಿದ್ದೇ ಅವನಿಗೆ ಗೊತ್ತಿರಲಿಲ್ಲ. ಅಕ್ಕ ಸುಮ್ಮನಿದ್ದದ್ದು ನಿಜವಾಗಿಯೂ ಸುಮ್ಮನಿದ್ದದ್ದೇ. ಅದು ಕಿವಿಯ ದೋಷವಾಗಿರಲಿಲ್ಲ. ಒಂದೇ ಸೂರಿನಡಿ ಇಬ್ಬರೂ ತಾವೊಬ್ಬರೇ ಎಂದುಕೊಂಡು ತಿಂಗಳುಗಟ್ಟಲೆ ಬದುಕಿದ್ದರು. ಅವಳು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡಳು. "ದಡ್ಡ," ಎಂದಳು. ಅದು ಅವನಿಗೆ ತುಟಿಯಿಂದಲೇ ತಿಳಿಯಿತು.

ನರ್ಸ್ ಅವರ ಕಾರಿಗೆ ಬೇರಿಂಗು, ಬೆಲ್ಟು ಹೊಸದಾಗಿ ಹಾಕಿದ. ಕುದ್ದ ಇಂಜಿನ್ ಕೆಟ್ಟಿದೆಯೋ ಎಂದು ಗೇಜು ಸಿಕ್ಕಿಸಿ ನೋಡಿದ. ಮುಳ್ಳು ಅಲುಗಲಿಲ್ಲ. ಇಂಜಿನ್ ಬದುಕಿಕೊಂಡಿತ್ತು.

ಕಿವಿಗೆ ಯಂತ್ರವೂ ಬಂತು. ಅದನ್ನು ಹಾಕಿಕೊಂಡರೆ ಶೆಡ್ಡಿನಲ್ಲಿ ಸ್ಪ್ಯಾನರ್ ಬಿದ್ದದ್ದೂ ತಗಡಿನ ಮಾಡು ಕುಸಿದಂತೆ ಕೇಳಿಸುತ್ತಿತ್ತು. ಕೆಲಸದಲ್ಲಿ ತೆಗೆದಿಡುತ್ತಿದ್ದ, ಮನೆಯಲ್ಲಿ ಹಾಕಿಕೊಳ್ಳುತ್ತಿದ್ದ. ಬಂದವರಿಗೆಲ್ಲ ಮೊದಲೇ ಹೇಳತೊಡಗಿದ. ಕೆಲವು ಹಳೆಯ ಗಿರಾಕಿಗಳು ಬೇರೆ ಶೆಡ್ಡು ಹಿಡಿದರು. ಉಳಿದವರನ್ನು ಎದುರಿಗೆ ನಿಲ್ಲಿಸಿಕೊಂಡು, "ಸದ್ದು ಹೆಂಗಿದೆ, ಮಾಡಿ ತೋರ್ಸಿ" ಎನ್ನುತ್ತಿದ್ದ. ಇಸ್ತ್ರಿ ಶರಟಿನ ದೊಡ್ಡ ಮನುಷ್ಯರು ಅತ್ತಿತ್ತ ನೋಡಿ, ಕೆನ್ನೆ ಕೆಂಪಗೆ ಮಾಡಿಕೊಂಡು, "ಗುರ್ರ್‌ರ್", "ಟಕಟಕಟಕ" ಎಂದು ಬಾಯಲ್ಲೇ ಇಂಜಿನ್ ಓಡಿಸುತ್ತಿದ್ದರು. ಅವನಿಗೆ ನಗು ತಡೆಯಲು ಆಗುತ್ತಿರಲಿಲ್ಲ, ಅವರಿಗೂ ಅಷ್ಟೇ.

ಪಕ್ಕದ ಶೆಡ್ಡಿನವರು ಮತ್ತೆ ಚಹಾಕ್ಕೆ ಕರೆದರು. ಮೊದಮೊದಲು ಎಲ್ಲವನ್ನೂ ಎರಡು ಸಲ ಹೇಳುತ್ತಿದ್ದರು. ಆಮೇಲೆ ಬೇಸರವಾಯಿತೇನೋ, ಬೆನ್ನು ತಟ್ಟಿ, ಲೋಟ ಕೈಗಿಟ್ಟು, ತಮ್ಮತಮ್ಮೊಳಗೇ ಮಾತಾಡಿಕೊಳ್ಳುತ್ತಿದ್ದರು. ಅವನಿಗೆ ಅವರ ಮೇಲೆ ಸಿಟ್ಟೇನೂ ಇರಲಿಲ್ಲ. ಮಧ್ಯಾಹ್ನ ಕೆಲಸವಿಲ್ಲದಾಗ ಅವನು ಬೆಂಚನ್ನು ಗೋಡೆಗೆ ಒತ್ತಿ ಹಾಕಿಕೊಂಡು, ಯಾರಾದರೂ ಬಂದರೆ ಕಾಣಲೆಂದು ಗೇಟಿನ ಕಡೆ ಮುಖ ಮಾಡಿ ಊಟದ ಡಬ್ಬಿ ಬಿಚ್ಚುತ್ತಿದ್ದ.