ಭರಣಿಯ ಬೂಷ್ಟು

ಮೂಡಬಿದಿರೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ, ನಿವೃತ್ತರಾಗಿ ಬಂಟ್ವಾಳದಲ್ಲಿ ನೆಲೆಸಿದ್ದ ರುಕ್ಮಯ್ಯ ಮಾಸ್ತರರು ಮಕ್ಕಳನ್ನು ಎಂದೂ ಹೊಡೆದವರಲ್ಲ. ಆದರೆ ತಪ್ಪನ್ನು ಮುಚ್ಚಿಟ್ಟವರನ್ನು ಬಿಟ್ಟವರೂ ಅಲ್ಲ. “ಎದ್ದು ನಿಂತು ಹೇಳು” ಎಂಬುದೊಂದೇ ಅವರ ಶಿಕ್ಷೆಯಾಗಿತ್ತು.

ಮಗಳು ಸಾತ್ವಿಕಾಳಿಗೆ ರಕ್ತದ ಕ್ಯಾನ್ಸರ್. ಅಣ್ಣನ ಸ್ಟೆಮ್ ಸೆಲ್ ಕಸಿ ಮಾಡಿ ಐವತ್ತು ದಿನ ಕಳೆದಿತ್ತು. ಬಾಯೊಳಗೆಲ್ಲ ಹುಣ್ಣು, ಗುಟುಕು ನೀರು ನುಂಗಿದರೂ ಕಣ್ಣು ತುಂಬುತ್ತಿತ್ತು. ರೋಗ ತಡೆಯುವ ಶಕ್ತಿ ಮೈಗೆ ಇನ್ನೂ ಬಂದಿಲ್ಲ, ಆಗಷ್ಟೇ ಬೇಯಿಸಿದ್ದನ್ನು ಮಾತ್ರ ಕೊಡಿ ಎಂದು ಆಸ್ಪತ್ರೆಯವರು ಬರೆದುಕೊಟ್ಟ ಹಾಳೆಯನ್ನು ಮಾಸ್ತರರೇ ಅಡುಗೆಮನೆಯ ಗೋಡೆಗೆ ಅಂಟಿಸಿದ್ದರು.

ಮಂಗಳವಾರ ಹೆಂಡತಿ ಪ್ರೇಮಾವತಿ ಮದ್ದು ತರಲು ಬಿ.ಸಿ.ರೋಡಿಗೆ ಹೋಗಿದ್ದರು. ಸಾತ್ವಿಕಾ ಗಂಜಿಯ ಬಟ್ಟಲಿನ ಮುಂದೆ ಅರ್ಧ ಗಂಟೆಯಿಂದ ಕುಳಿತಿದ್ದಳು.

“ನಾಲಗೆಗೆ ರುಚಿಯೇ ಇಲ್ಲ ಅಪ್ಪ.”

“ಹಟ ಅದು. ಜ್ವರ ಬಂದವರೆಲ್ಲ ಗಂಜಿ, ಉಪ್ಪುನೀರಿನ ಮಾವಿನಕಾಯಿ ತಿಂದೇ ಎದ್ದದ್ದು, ಗೊತ್ತುಂಟಾ?”

“ಗೋಡೆಗೆ ಹಾಳೆ ಅಂಟಿಸಿದವರು ಯಾರು ಮಾರಾಯ್ರೆ?” ಅವಳು ನಕ್ಕಳು. ಒಡೆದ ತುಟಿಯಲ್ಲಿ ರಕ್ತ ಜಿನುಗಿತು.

ಅಡುಗೆಮನೆಯಲ್ಲಿ ಮಾವಿನಕಾಯಿ ಭರಣಿಯ ಮುಚ್ಚಳ ತೆಗೆದರೆ ಉಪ್ಪುನೀರಿನ ಮೇಲೆ ಬೆಳ್ಳಗೆ ಬೂಷ್ಟು ಕಟ್ಟಿತ್ತು. ಮಾಸ್ತರರು ಅದನ್ನು ಸೌಟಿನಿಂದ ಬದಿಗೆ ಸರಿಸಿ, ಅಡಿಯಿಂದ ಒಂದು ಕಾಯಿ ತೆಗೆದು ಕಿವುಚಿ ಗಂಜಿಗೆ ಬೆರೆಸಿದರು. ಎಲ್ಲರ ಮನೆಯಲ್ಲೂ ಹೀಗೆಯೇ ಮಾಡುವುದು! ಈ ಒಂದು ಮಾತು ಎಷ್ಟು ಜನರ ವಿವೇಕವನ್ನು ಮಲಗಿಸಿದೆಯೋ.

“ಅಮ್ಮನಿಗೆ ಹೇಳುವುದು ಬೇಡ” ಎಂದರು.

ಗುರುವಾರ ಚಳಿಜ್ವರ ಬಂತು. ಮಂಗಳೂರಿಗೆ ಹೊರಟ ಕಾರು ಫರಂಗಿಪೇಟೆ ದಾಟುವಾಗ ಅವಳ ಹಲ್ಲು ಕಟಕಟನೆ ಬಡಿಯುತ್ತಿತ್ತು.

“ಬೇಯಿಸದ್ದು ಏನಾದರೂ ತಿಂದದ್ದುಂಟಾ?” ಎಂದು ಆಸ್ಪತ್ರೆಯಲ್ಲಿ ಡಾಕ್ಟರ್ ಶರಣ್ಯಾ ಕೇಳಿದರು.

ಮಾಸ್ತರರು ನೆಲ ನೋಡಿದರು.

“ಉಪ್ಪುನೀರಿನ ಮಾವಿನಕಾಯಿ” ಎಂದಳು ಸಾತ್ವಿಕಾ. “ನಾನೇ ತಿಂದೆ ಡಾಕ್ಟ್ರೆ. ಆಸೆ ಆಯ್ತು.”

“ಸಣ್ಣ ಮಗುವಾ ನೀನು? ಇಷ್ಟು ಜನ ಒದ್ದಾಡುವುದು ಯಾರಿಗೋಸ್ಕರ?”

ಪ್ರೇಮಾವತಿ ಹಣೆ ಚಚ್ಚಿಕೊಂಡರು. ಮಗಳು ತಲೆ ತಗ್ಗಿಸಿ ಬೈಗುಳ ಕೇಳಿಸಿಕೊಂಡಳು.

“ಬೂಷ್ಟು ಏನಾದರೂ ಇತ್ತಾ ಅದರಲ್ಲಿ?”

“ಇಲ್ಲ.”

ಇದು ಸುಳ್ಳಲ್ಲ, ಭರಣಿಯನ್ನು ಅವಳು ಕಂಡೇ ಇರಲಿಲ್ಲ. ಕಂಡವರು ಒಬ್ಬರೇ. ಡಾಕ್ಟರು ಮದ್ದು ಬರೆಯತೊಡಗಿದರು.

ಮಾಸ್ತರರು ಎದ್ದು ನಿಂತರು. “ನಾನು ತಿನ್ನಿಸಿದ್ದು. ಬೂಷ್ಟು ಇತ್ತು, ಬದಿಗೆ ಸರಿಸಿ ಕೊಟ್ಟೆ. ಹೇಳಬೇಡ ಎಂದದ್ದೂ ನಾನೇ.”

ಪೆನ್ನು ನಿಂತಿತು. ಬರೆದದ್ದರ ಕೆಳಗೆ ಇನ್ನೊಂದು ಪರೀಕ್ಷೆ, ಫಂಗಸ್ಸಿಗೆ ಇನ್ನೊಂದು ಮದ್ದು ಸೇರಿತು. ಆಮೇಲೆ ಡಾಕ್ಟರು, ಮಗಳನ್ನು ಗದರಿಸಿದ ಅದೇ ಬಾಯಿಂದ ಮೆಲ್ಲಗೆ, “ಕೂತ್ಕೊಳ್ಳಿ ಸರ್. ಪ್ರೀತಿಯಿಂದ ಕೊಟ್ಟದ್ದಲ್ವಾ” ಎಂದರು.

ಕೆನ್ನೆಗೆ ಏಟು ಬಿದ್ದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

“ಪ್ರೀತಿ ಅಲ್ಲ, ಅಹಂಕಾರ. ಅವಳಿಗೆ ಬೈದಷ್ಟು ನನಗೂ ಬೈಯಿರಿ” ಎಂದರು ಮಾಸ್ತರರು.

ಯಾರೂ ಬೈಯಲಿಲ್ಲ. ಪ್ರೇಮಾವತಿ ಅವರ ಮುಖ ನೋಡದೆ ಮಗಳ ಗಾಲಿಕುರ್ಚಿಯನ್ನು ವಾರ್ಡಿನ ಕಡೆ ತಳ್ಳಿಕೊಂಡು ಹೋದರು. ತಾವು ಬಿಟ್ಟೆದ್ದ ಖಾಲಿ ಕುರ್ಚಿಯ ಪಕ್ಕದಲ್ಲಿ ಮಾಸ್ತರರು ನಿಂತೇ ಇದ್ದರು.